ಊಟ ಸಹಿತ ನಾಲ್ಕು, ಊಟ ರಹಿತ ಒಂದು

ಕಚೇರಿಯಲ್ಲಿ ಪತ್ರಗಳನ್ನು ಸಿದ್ಧಪಡಿಸುವುದೇ ನನ್ನ ಕೆಲಸವಾಗಿದ್ದು, ಸ್ವಂತ ಬದುಕಿನ ಸಂಗತಿಯನ್ನು ಬರೆಯುತ್ತಿರುವುದು ಇದೇ ಮೊದಲು. ಆದುದರಿಂದ ನನಗೆ ತಿಳಿದಿರುವ ರೀತಿಯಲ್ಲಿಯೇ ನಿವೇದಿಸಿಕೊಳ್ಳುತ್ತಿದ್ದೇನೆ. ಬರವಣಿಗೆಯ ತಪ್ಪುಗಳನ್ನು ಓದುಗರು ಮನ್ನಿಸಬೇಕು. ಇನ್ನೊಂದು ತಪ್ಪಿನ ವಿವರ ಕೆಳಗಿನಂತಿದೆ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ಮನೋಳಿಯಿಂದ ಸವದತ್ತಿಯ ನಮ್ಮ ಮನೆಗೆ ಬಂದಿದ್ದರು. ಮಕ್ಕಳಿಬ್ಬರ ಹಟದ ಮೇರೆಗೆ ಹುಬ್ಬಳ್ಳಿ ಕಡೆಯ ಒಂದು ವಾಟರ್ ಪಾರ್ಕಿಗೆ ಎಲ್ಲರೂ ಹೋಗುವುದೆಂದು ತೀರ್ಮಾನವಾಯಿತು. ಮೊಬೈಲಿನಲ್ಲಿ ಟಿಕೆಟ್ ತೆಗೆಯುವಾಗ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಆಯ್ಕೆ ಮಾಡಬೇಕಿತ್ತು: ಪ್ರವೇಶ ಮಾತ್ರ, ಇಲ್ಲವೇ ಮಧ್ಯಾಹ್ನದ ಊಟ ಸಹಿತ. ನಮ್ಮ ನಾಲ್ವರಿಗೆ ಊಟ ಸಹಿತ ಎಂದು ಒತ್ತಿ, ಶೇಂಗಾ ಒಡೆಯುತ್ತ ಕುಳಿತಿದ್ದ ಅತ್ತೆಯವರನ್ನು ಕೇಳಿದೆ.

“ನನಗ್ಯಾಕ್ರಿ ಊಟ, ಅಳಿಯಂದ್ರ? ನಾ ಎರಡ ರೊಟ್ಟಿ ಕಟಗೊಂಡ ಬರತೇನಿ.”

ನಮ್ಮ ಕಡೆ ಬೀಗರು ಮೊದಲ ಸಲ ಬೇಡವೆಂದರೆ ಅದು ಬೇಡವೆಂದಲ್ಲ. ಅದರಲ್ಲೂ ಅಳಿಯನ ಖರ್ಚಿನಲ್ಲಿ ಉಣ್ಣಬೇಕಾದ ಅತ್ತೆ ಎರಡು ಸಲವಾದರೂ ಬೇಡವೆನ್ನಬೇಕು, ಅಳಿಯ ಮೂರನೆಯ ಸಲ ಕೇಳಬೇಕು. ಇದು ನನಗೆ ತಿಳಿಯದ ವಿಷಯವಲ್ಲ. ಆ ಊಟದ ದರ ನನಗೆ ಭಾರವೂ ಆಗಿರಲಿಲ್ಲ. ಅವರ ಮಾತು ಅನುಕೂಲವಾಗಿ ಕಂಡಿತು, ಅವರಿಗೆ ಪ್ರವೇಶ ಮಾತ್ರ ಎಂದು ಒತ್ತಿಬಿಟ್ಟೆ.

ಪಾರ್ಕಿನ ಬಾಗಿಲಲ್ಲಿ ಕಾವಲಿನವನು ಅತ್ತೆಯವರ ಬುತ್ತಿಗಂಟನ್ನು ತಡೆದನು.

“ಹೊರಗಿನ ಊಟ ಒಳಗ ಬಿಡಂಗಿಲ್ರಿ ಅವ್ವಾರ.”

“ರೊಟ್ಟಿ ಐತಪಾ, ಬಾಂಬ್ ಅಲ್ಲ.”

ಅವನು ನಕ್ಕನು, ಬಿಡಲಿಲ್ಲ. ಈ ನಿಯಮ ಟಿಕೆಟ್ಟಿನಲ್ಲಿಯೇ ಇತ್ತು. ನಾನು ಓದಿ ಹೇಳಿರಲಿಲ್ಲ. ಬಿಸಿಲಿಗೆ ಕೆಡುತ್ತದೆಂದು ಅತ್ತೆಯವರು ಗಂಟನ್ನು ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸಿಗೆ ಕೊಟ್ಟುಬಿಟ್ಟರು. ನಮ್ಮ ನಾಲ್ವರ ಕೈಗೆ ಹಳದಿ ಪಟ್ಟಿ, ಅವರ ಕೈಗೆ ಬಿಳಿ ಪಟ್ಟಿ ಕಟ್ಟಲಾಯಿತು.

ಮಧ್ಯಾಹ್ನ ಊಟದ ಹಾಲಿನ ಬಾಗಿಲಲ್ಲಿ ಹಳದಿ ಪಟ್ಟಿಯವರನ್ನಷ್ಟೇ ಒಳಗೆ ಬಿಟ್ಟರು. ಇನ್ನೊಂದು ಊಟಕ್ಕೆ ಹಣ ಕೊಡುತ್ತೇನೆಂದು ಕೇಳಿಕೊಂಡೆ. ಶಾಲೆಯ ಮಕ್ಕಳ ತಂಡಗಳು ಬಂದಿರುವುದರಿಂದ ಮುಂಗಡವಾಗಿ ಊಟದ ಟಿಕೆಟ್ ಪಡೆದವರಿಗೆ ಮಾತ್ರ ಎಂದರು.

“ನೀವ ಹೋಗ್ರಿ, ಉಣ್ರಿ. ಹುಡುಗೂರ ಹಸಿ ಅರಿವಿ ನೋಡ್ಕೋತ ಇಲ್ಲೇ ಕುಂದರತೇನಿ,” ಎಂದು ಅತ್ತೆಯವರು ಹೊರಗಿನ ಕಟ್ಟೆಯ ಮೇಲೆ ಕುಳಿತರು.

ಆಗಲೇ ಹೆಂಡತಿ ಅವರ ಪಟ್ಟಿಯ ಬಣ್ಣವನ್ನು ಗಮನಿಸಿದ್ದು.

“ಅವ್ವಗ ಊಟ ತಗೊಂಡಿಲ್ಲೇನ?”

“ಬ್ಯಾಡ ಅಂದ್ರು.”

“ಎಷ್ಟ ಸಲ ಕೇಳಿದ್ರಿ?”

“ಒಂದ ಸಲ.”

“ಮದುವ್ಯಾಗ ಜಿಲೇಬಿ ಬ್ಯಾಡ ಬ್ಯಾಡ ಅಂತ ಏಳ ತಿಂದೀರಿ. ಅವಾಗ ಒತ್ತಿ ಒತ್ತಿ ಬಡಿಸಿದಾಕಿನೂ, ಎಣಿಸಿದಾಕಿನೂ ನಮ್ಮವ್ವನ.”

ಇಷ್ಟು ಹೇಳಿ ಆಕೆ ಉಣ್ಣದೆ ತಾಯಿಯ ಪಕ್ಕದಲ್ಲಿ ಕುಳಿತಳು. ನಾನು ಮಕ್ಕಳನ್ನು ಕರೆದುಕೊಂಡು ಒಳಗೆ ಹೋದೆ. ಮಕ್ಕಳಿಗೆ ಬಡಿಸಿಕೊಡುವುದಕ್ಕಾಗಿ ಹೋದೆನೆಂದು ಬರೆಯಬಹುದಿತ್ತು. ವಾಸ್ತವವೆಂದರೆ ನಾನೂ ಉಂಡೆ. ಗಾಜಿನ ಗೋಡೆಯಾಚೆ ಅವರಿಬ್ಬರ ಬೆನ್ನು ಕಾಣುತ್ತಿತ್ತು. ತಟ್ಟೆ ತಿರುಗಿಸಿಕೊಂಡು ಗಾಜಿಗೆ ಬೆನ್ನು ಹಾಕಿ ಕುಳಿತೆ. ಬರುವಾಗ ಅಂಗಡಿಯಿಂದ ಚಿಪ್ಸ್ ತಂದುಕೊಟ್ಟೆ. ಅತ್ತೆಯವರು ಅದನ್ನು ಮೊಮ್ಮಕ್ಕಳಿಗೆ ಹಂಚಿದರು.

ಸಂಜೆ ಮರಳುವಾಗ ಧಾರವಾಡ ದಾಟಿದ ಮೇಲೆ ಒಂದು ಖಾನಾವಳಿಯ ಮುಂದೆ ಗಾಡಿ ನಿಲ್ಲಿಸಿದೆ. ಎಲ್ಲರೂ ಕುಳಿತ ಬಳಿಕ, ಪತ್ರದಲ್ಲಾದರೆ ಎಂದೂ ಬರೆಯದ ಮಾತನ್ನು ಹೇಳಿದೆ.

“ಅತ್ತೀರಿ, ನೀವು ಬ್ಯಾಡ ಅಂದಿದ್ದು ಉಪಚಾರಕ್ಕ ಅಂತ ನನಗ ಆವತ್ತ ಗೊತ್ತಿತ್ರಿ.”

“ನಿಮಗ ಗೊತ್ತೈತಿ ಅಂತ ನನಗೂ ಗೊತ್ತಿತ್ರಿ,” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸೆರಗಿನಿಂದ ತಟ್ಟೆಯ ಅಂಚನ್ನು ಒರೆಸಿಕೊಂಡು ಉಣ್ಣತೊಡಗಿದರು.

ಬಡಿಸುವವನ ಕೈಯಿಂದ ರೊಟ್ಟಿಯ ಬುಟ್ಟಿಯನ್ನು ತೆಗೆದುಕೊಂಡು ನಾನೇ ಅವರ ಬಳಿ ನಿಂತೆ. ಒಂದೇ ಒಂದು ಸಲ ಬೇಡವೆನ್ನಲಿ, ಎಷ್ಟು ಬೇಕಾದರೂ ಒತ್ತಾಯ ಮಾಡುತ್ತೇನೆ ಎಂದು ಕಾಯುತ್ತಿದ್ದೆ.

ಎರಡನೆಯ ರೊಟ್ಟಿ ಹಾಕಿದೆ, ಹಾಕಿಸಿಕೊಂಡರು. ಮೂರನೆಯದನ್ನು ಹಾಕಿದಾಗಲೂ ತಲೆ ಎತ್ತದೆ ಹಾಕಿಸಿಕೊಂಡರು, ಹೋಟೆಲಿನಲ್ಲಿ ಯಾರೋ ಬಡಿಸಿದಾಗ ಹಾಕಿಸಿಕೊಳ್ಳುವಂತೆ.