ಕಂಕುಳಲ್ಲಿದ್ದ ಕಪ್ಪು ಹಕ್ಕಳೆ

ಮಹಾರಾಷ್ಟ್ರದ ನಾಸಿಕ್‌ನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆಂದು ನನ್ನ ಗಂಡನ ಅಂಗಿ ಬಿಚ್ಚುತ್ತಿದ್ದ ನರ್ಸ್ ಥಟ್ಟನೆ ಕೈ ನಿಲ್ಲಿಸಿದರು. ಅವರಿಗೆ ಜ್ವರದ ಜೊತೆ ಸಹಿಸಲಾಗದ ಹೊಟ್ಟೆನೋವಿತ್ತು. ಪಿತ್ತಕೋಶ ತೆಗೆಯಬೇಕೆಂದು ನಿರ್ಧಾರವಾಗಿತ್ತು. ಬೀದರ್ ಕಡೆಯ ಆ ನರ್ಸ್, ನನ್ನ ಗಂಡನ ಕಂಕುಳಲ್ಲಿದ್ದ, ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ತೋರಿಸಿದರು.

“ಅಕ್ಕಾರ, ಸಾಹೇಬ್ರು ಹುಲ್ಲಿನಾಗ ಅಡ್ಡಾಡಿದ್ರೇನ್ರಿ?”

“ಹೂಂರಿ, ಬ್ಯಾಂಕಿನ ಕೆಲಸಕ್ಕ ಇಲ್ಲೇ ಸಟಾಣಾ ಊರಾಗಿನ ದಾಳಿಂಬ್ರಿ ತ್ವಾಟಕ್ಕ ಹೋಗಿದ್ರು,” ಎಂದೆ.

ನರ್ಸ್ ಕೂಡಲೇ ಡಾಕ್ಟರನ್ನು ಕರೆತಂದರು. ಆಪರೇಷನ್ ನಿಂತಿತು. ರಕ್ತಪರೀಕ್ಷೆಯಲ್ಲಿ ಸ್ಕ್ರಬ್ ಟೈಫಸ್ ಎಂದು ತಿಳಿಯಿತು. ಹುಲ್ಲಿನ ಸಣ್ಣ ಹುಳ ಕಚ್ಚಿದಲ್ಲಿ ಇಂಥ ಹಕ್ಕಳೆ ಕಟ್ಟುತ್ತದಂತೆ; ಅದರಿಂದ ಬರುವ ಈ ಜ್ವರ ಅಪರೂಪಕ್ಕೆ ಪಿತ್ತಕೋಶವನ್ನೂ ಊದಿಸುತ್ತದಂತೆ. ಮಾತ್ರೆ ಶುರುವಾದ ಮೂರನೇ ದಿನ ನನ್ನ ಗಂಡ ಎದ್ದು ಕೂತು ಗಂಜಿ ಕುಡಿದರು.

ಆ ಹಕ್ಕಳೆಯನ್ನು ನಾನು ಮೊದಲೇ ಕಂಡು, ಕಜ್ಜಿಯೆಂದು ಸುಮ್ಮನಿದ್ದೆ. ಈಗ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮೈಮೇಲಿನ ಚಿಕ್ಕ ಗಾಯವನ್ನೂ ಡಾಕ್ಟರಿಗೆ ನಾನೇ ತೋರಿಸುತ್ತೇನೆ.