ಸಿಂಹಾದ್ರಿ ನನ್ನ ಹೆಸರಿನಲ್ಲಿ ಆಡಿದ್ದು

ಆಟ ಶುರುವಾಗುವುದಕ್ಕೆ ಒಂದು ಗಂಟೆ ಮೊದಲೇ ಸಿಂಹಾದ್ರಿ ಬರಿಗಾಲಲ್ಲಿ ಮೈದಾನಕ್ಕೆ ಇಳಿದು ಕಲ್ಲು ಆರಿಸುತ್ತಿದ್ದ. ಮೊರದಲ್ಲಿ ಅಕ್ಕಿ ಹಸನು ಮಾಡುವ ಹೆಂಗಸರ ಹಾಗೆ ತಲೆ ಬಗ್ಗಿಸಿಕೊಂಡು, ಒಂದು ಗೋಲಿನಿಂದ ಇನ್ನೊಂದು ಗೋಲಿನವರೆಗೆ. ಚಡ್ಡಿಯ ಎರಡೂ ಜೇಬು ತುಂಬಿದರೆ ಬೇಲಿಯಾಚೆ ಸುರಿದು ಬರುತ್ತಿದ್ದ. ಚಿತ್ರದುರ್ಗದಲ್ಲಿ ಕಲ್ಲು ಆರಿಸಿ ಮುಗಿಸಲು ಹೊರಟವನನ್ನು ಕಂಡು ನಾವೆಲ್ಲ ಕೂತು ನಗುತ್ತಿದ್ದೆವು. ಅವನು ತಲೆ ಎತ್ತದೆ ಹೇಳುತ್ತಿದ್ದ: "ನಗ್ರಿ ಲಾ, ನಗ್ರಿ. ಬಿದ್ದಾಗ ಗೊತ್ತಾಗ್ತೈತೆ."

ಆ 'ಲಾ' ಅವನಿಗೆ ದೊಡ್ಡ ಗಂಡಾಂತರ ತಂದಿಟ್ಟಿತ್ತು. ಅವನು ಮಲೇಶಿಯಾದವನು. ಅಲ್ಲಿ ಯಾವ ಭಾಷೆ ಆಡಿದರೂ ಮಾತಿನ ಕೊನೆಗೆ ಪ್ರೀತಿಯಿಂದ ಒಂದು 'ಲಾ' ಸೇರಿಸುತ್ತಾರಂತೆ. ಕಾಲೇಜಿಗೆ ಸೇರಿದ ಮೊದಲ ವಾರವೇ ಪ್ರಿನ್ಸಿಪಾಲರ ಕೋಣೆಯಿಂದ ಹೊರಡುವಾಗ ಕೈ ಮುಗಿದು "ಬರ್ತೀನಿ ಲಾ" ಅಂದುಬಿಟ್ಟ. ಪ್ರಿನ್ಸಿಪಾಲರು ಕುರ್ಚಿ ಬಿಟ್ಟು ಎದ್ದರು. ಜೊತೆಯಲ್ಲಿದ್ದ ನಾನು, ಇದು ನಮ್ಮ ಕಡೆ ಕೀಳಾಗಿ ಕರೆಯುವ 'ಲಾ' ಅಲ್ಲ ಸಾರ್, ಬೇರೆ ದೇಶದ್ದು ಎಂದು ಬಿಡಿಸಿ ಹೇಳುವಷ್ಟರಲ್ಲಿ ಬೆವೆತುಹೋಗಿದ್ದೆ.

ನಾನು ಅವನ ಜೊತೆಗೆ ಬಿದ್ದದ್ದು ತೆಲುಗಿನ ದೆಸೆಯಿಂದ. ನಮ್ಮದು ಹಿರಿಯೂರು ತಾಲ್ಲೂಕಿನ ಧರ್ಮಪುರದ ಹತ್ತಿರದ ಗೊಲ್ಲರಹಟ್ಟಿ. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ತೆಲುಗು ನಮಗೆ ಹಿತ್ತಲ ಭಾಷೆ. ಅವನ ತಾತ ಯಾವುದೋ ಕಾಲದಲ್ಲಿ ವಿಶಾಖಪಟ್ಟಣದ ಕಡೆಯಿಂದ ಹಡಗು ಹತ್ತಿ ರಬ್ಬರ್ ತೋಟಕ್ಕೆ ಕೂಲಿಗೆ ಹೋದವನು. ಆ ತಾತನ ತೆಲುಗನ್ನೇ ಮೊಮ್ಮಗ ಆಡುತ್ತಿದ್ದ. ಹಾಸ್ಟೆಲಿನಲ್ಲಿ ಅವನ ಮಾತು ಅರ್ಥವಾಗುತ್ತಿದ್ದವನು ನಾನೊಬ್ಬನೇ ಆದ್ದರಿಂದ ವಾರ್ಡನ್ನರು ಇಬ್ಬರನ್ನೂ ಒಂದೇ ಕೋಣೆಗೆ ಹಾಕಿದರು. ಅವನು ಕನ್ನಡ ಕಲಿತದ್ದೂ ನನ್ನಿಂದಲೇ. "ನಮ್ಮಪ್ಪ ಕಿರಾಣಿ" ಎಂದು ಅವನು ಹೇಳಿದ್ದನ್ನು ಕೇಳಿ, ಇವರದು ದೊಡ್ಡ ಕಿರಾಣಿ ಅಂಗಡಿ ಎಂದು ಹಾಸ್ಟೆಲೆಲ್ಲ ಸುದ್ದಿಯಾಯಿತು. ಅವರ ಕಡೆ ಕಿರಾಣಿ ಅಂದರೆ ತೋಟದ ಗುಮಾಸ್ತ ಎಂದು ನನಗೆ ತಿಳಿಯಲು ತಿಂಗಳು ಹಿಡಿಯಿತು. ಆ ಗುಮಾಸ್ತ ತನ್ನ ಮಗ ಡಾಕ್ಟರಾಗಲೇಬೇಕೆಂದು ಹಟ ಹಿಡಿದಿದ್ದ. ಇಲ್ಲಿ ಪಿಯುಸಿ ಮುಗಿಸಿದರೆ ಪಕ್ಕದ ದಾವಣಗೆರೆಯಲ್ಲಿ ಮೆಡಿಕಲ್ ಸೀಟು ಸಿಗುತ್ತದೆ ಎಂದು ಯಾರೋ ನಂಬಿಸಿದ್ದರು.

ಅವನು ಬಿಟ್ಟು ಬಂದದ್ದು ಬೇರೆಯೇ. ತನ್ನ ರಾಜ್ಯದ ಕಿರಿಯರ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದ. ಇನ್ನೊಂದು ವರ್ಷ ಅಲ್ಲೇ ಇದ್ದಿದ್ದರೆ ದೊಡ್ಡವರ ತಂಡಕ್ಕೆ ಕರೆಯುತ್ತಿದ್ದರು. ಇದನ್ನು ಅವನು ಜಂಬಕ್ಕೆ ಹೇಳುತ್ತಿರಲಿಲ್ಲ. ಬೆಳಿಗ್ಗೆ ಜೋಗಿಮಟ್ಟಿಯ ಏರಿನಲ್ಲಿ ಓಡಿ ಬಂದು, ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕೂತು, "ನನ್ ಜಾಗದಲ್ಲಿ ಈಗ ಯಾರು ಆಡ್ತಾ ಅವ್ರೋ" ಅನ್ನುತ್ತಿದ್ದ. ಆಗ ಅವನ ಮುಖ ನೋಡಲು ಆಗುತ್ತಿರಲಿಲ್ಲ.

ನಮ್ಮ ಕಾಲೇಜಿನವರಿಗೆ ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟ ಬರುತ್ತಿರಲಿಲ್ಲ. ವ್ಯಾಯಾಮದ ಮೇಷ್ಟ್ರು ಹನುಮಂತಪ್ಪನವರನ್ನು ಬೆನ್ನುಹತ್ತಿ ಅವನೇ ತಂಡ ಕಟ್ಟಿದ. ನನ್ನನ್ನು ಗೋಲ್‌ಕೀಪರ್ ಮಾಡಿದ. "ಕುರಿ ತಪ್ಪಿಸ್ಕಂಡು ಓಡಿದ್ರೆ ಅಡ್ಡ ಹಾಕ್ತೀಯಲ್ಲ, ಹಂಗೇ ಬಾಲ್ ಅಡ್ಡ ಹಾಕು ಲಾ, ಅಷ್ಟೇ." ನಾನು ಚೆಂಡು ತರುವವನ ಕಾಲನ್ನೇ ನೋಡುತ್ತ ಎಡಕ್ಕೆ ಹಾರಿದರೆ ಚೆಂಡು ಬಲಕ್ಕೆ ಹೋಗುತ್ತಿತ್ತು. "ಕಾಲು ನೋಡ್ಬೇಡ, ಸೊಂಟ ನೋಡು. ಕಾಲು ಸುಳ್ಳು ಹೇಳ್ತೈತೆ, ಸೊಂಟಕ್ಕೆ ಬರಲ್ಲ." ನೂರು ಸಲ ಹೇಳಿರಬೇಕು. ಕಲಿತೆ. ಆದರೆ ಅವನ ಸೊಂಟ ಮಾತ್ರ ಕೊನೆಯವರೆಗೂ ನನಗೆ ತಿಳಿಯಲಿಲ್ಲ.

ಎರಡನೇ ವರ್ಷ ನಮಗೆ ಹಿರಿಯೂರಿನಲ್ಲಿ ಮಾರಿಕಣಿವೆ ಅಣೆಕಟ್ಟಿನ ಸಿಬ್ಬಂದಿಯ ತಂಡದ ಜೊತೆ ಒಂದು ಪಂದ್ಯ ಏರ್ಪಾಟಾಯಿತು. ಸಿಂಹಾದ್ರಿ ನಾಲ್ಕು ಗೋಲು ಹೊಡೆದ. ಅಣೆಕಟ್ಟಿನ ಎಂಜಿನಿಯರರ ಮನೆಗೆ ನೆಂಟಸ್ತನಕ್ಕೆ ಬಂದಿದ್ದ ಒಬ್ಬರು ಪಂದ್ಯ ನೋಡುತ್ತಿದ್ದರು. ಅವರು ಬೆಂಗಳೂರಿನ ಒಂದು ಕಾರ್ಖಾನೆ ತಂಡದ ಮ್ಯಾನೇಜರ್. ಆಟ ಮುಗಿದ ಮೇಲೆ ಹತ್ತಿರ ಕರೆದು, "ಡಿಸೆಂಬರಿನಲ್ಲಿ ನಮಗೊಂದು ಟೂರ್ನಮೆಂಟ್ ಇದೆ, ಬರ್ತೀಯೇನಪ್ಪ?" ಎಂದು ಕೇಳಿದರು. ಇವನು ಕುಣಿದುಬಿಟ್ಟ. ಆದರೆ ಹೊರದೇಶದ ವಿದ್ಯಾರ್ಥಿ ಎಂದು ಗೊತ್ತಾದ ಕೂಡಲೇ ಅವರ ಮುಖ ಚಿಕ್ಕದಾಯಿತು. ಪರವಾನಗಿ ಇಲ್ಲದೆ ಆಡಿಸುವಂತಿಲ್ಲ, ಪರವಾನಗಿ ಬರುವಷ್ಟರಲ್ಲಿ ಟೂರ್ನಮೆಂಟ್ ಮುಗಿದಿರುತ್ತದೆ. ಯಾರಾದರೂ ಈ ಕಡೆಯ ಹುಡುಗನ ಎಸ್ಸೆಸ್ಸೆಲ್ಸಿ ಕಾರ್ಡು ತಂದರೆ ನೋಡೋಣ ಎಂದು ದನಿ ತಗ್ಗಿಸಿ ಹೇಳಿ ಹೋದರು.

ಸಿಂಹಾದ್ರಿ ನನ್ನನ್ನು ಕೇಳಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಎರಡು ದಿನ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ಅಷ್ಟೇ. ಮೂರನೇ ದಿನ ನಾನೇ ತಗಡಿನ ಪೆಟ್ಟಿಗೆ ತೆಗೆದು ಕಾರ್ಡನ್ನು ಅವನ ಎದೆಯ ಮೇಲೆ ಇಟ್ಟೆ. ಅದರಲ್ಲಿ ಫೋಟೋ ಇರಲಿಲ್ಲ. ಗುರುತಿನ ಚಿಹ್ನೆ ಎಂದು ಮೊಣಕಾಲಿನ ಗಾಯದ ಕಲೆ ಬರೆದಿತ್ತು. ಫುಟ್‌ಬಾಲ್ ಆಡುವವನ ಮೊಣಕಾಲಿನಲ್ಲಿ ಗಾಯಕ್ಕೆ ಬರವೇ?

"ಬ್ಯಾಡ ಲಾ, ಜುಂಜಣ್ಣ. ನಿನಗೆ ತೊಂದ್ರೆ ಆಗ್ತೈತೆ."

"ಏನಾಗಲ್ಲ ತಗಳೋ. ಕಾಲು ನಿಂದು, ಹೆಸರು ನಂದು. ನಂಗೂ ಪೇಪರ್ನಾಗೆ ಬಂದಂಗಾಗ್ತೈತೆ."

ಹಾಸ್ಯಕ್ಕೆ ಹೇಳಿದ ಮಾತು. ಒಳಗೆ ಆಸೆಯೂ ಇತ್ತೆಂದು ಆಮೇಲೆ ಗೊತ್ತಾಯಿತು.

ಅವನು ಮೂರು ಸಲ ಬೆಂಗಳೂರಿಗೆ ಹೋಗಿ ಬಂದ. ಜಿಲ್ಲೆ ಬಿಟ್ಟು ಹೋಗುವಾಗ ಹೊರದೇಶದವರು ಪೊಲೀಸರಿಗೆ ತಿಳಿಸಿಯೇ ಹೋಗಬೇಕಿತ್ತು. ತಿಳಿಸಿದರೆ ಯಾಕೆ, ಏನು ಎಂದು ಕೇಳುತ್ತಾರೆಂದು ತಿಳಿಸಲಿಲ್ಲ. ಮೂರನೆಯದು ಕೊನೆಯ ಪಂದ್ಯ. ಮರುದಿನದ ಪತ್ರಿಕೆಯ ಆಟದ ಪುಟದಲ್ಲಿ ಮೂಲೆಯ ನಾಲ್ಕು ಸಾಲು: ಎರಡೂ ಗೋಲು ಹೊಡೆದು ತಂಡವನ್ನು ಗೆಲ್ಲಿಸಿದವನು ಚಿತ್ರದುರ್ಗದ ಜುಂಜಣ್ಣ.

ಪ್ರಿನ್ಸಿಪಾಲರು ಅದನ್ನು ಓದಿದರು. ಸೋಮವಾರದ ಪ್ರಾರ್ಥನೆಯ ಹೊತ್ತಿಗೆ ಹೂವಿನ ಹಾರ ತರಿಸಿ ನನ್ನ ಹೆಸರು ಕೂಗಿದರು. ನಾನು ವೇದಿಕೆ ಹತ್ತಿದೆ. ಹತ್ತಬಾರದಿತ್ತು. ನಿಜ ಗೊತ್ತಿದ್ದ ನಮ್ಮ ತಂಡದವರೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಸಿಂಹಾದ್ರಿ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ.

ಸುದ್ದಿ ಧರ್ಮಪುರಕ್ಕೂ ಹೋಯಿತು. ಬಸ್ಸಿನ ಕಂಡಕ್ಟರ್ ಪತ್ರಿಕೆಯನ್ನು ಓದಿ ಹೇಳಿದ್ದನಂತೆ. ಬುಧವಾರ ನಮ್ಮಪ್ಪ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹುರಿದ ಕಡಲೆಕಾಯಿಯ ಚೀಲ ಹಿಡಿದುಕೊಂಡು ಹಾಸ್ಟೆಲಿಗೆ ಬಂದ. ಅಷ್ಟು ದೂರ ಅವನು ಬಂದದ್ದು ಅದೇ ಮೊದಲು. ನನ್ನನ್ನೇ ನೋಡುತ್ತ ಕೂತ. ಆಮೇಲೆ ಸಿಂಹಾದ್ರಿಯ ಬೊಗಸೆಗೆ ಕಡಲೆಕಾಯಿ ಸುರಿದು ಕೇಳಿದ:

"ನೀನೂ ಆ ಆಟ ಆಡ್ತೀಯೇನಪ್ಪ?"

"ಆಡ್ತೀನಿ ಮಾಮಾ, ಸ್ವಲ್ಪ ಸ್ವಲ್ಪ. ನಿಮ್ ಮಗನ ಹಂಗೆ ಬರಲ್ಲ."

"ಬಿಡದಂಗೆ ಕಲ್ತ್ಕ. ಇವನತ್ರ ಹೇಳಿಸ್ಕ," ಅಂದ ಅಪ್ಪ. ನಾನು ನೀರು ತರುವ ನೆಪದಲ್ಲಿ ಹೊರಗೆ ಹೋದೆ.

ಎಲ್ಲ ಬಯಲಾದದ್ದು ಶುಕ್ರವಾರ. ಹಾರ ಹಾಕಿದ ಸಂಭ್ರಮದ ಮಾತು ಬಂದಾಗ ಕೆಮಿಸ್ಟ್ರಿ ಲೆಕ್ಚರರು, "ಆ ಪಂದ್ಯದ ದಿನ ಮಧ್ಯಾಹ್ನ ಜುಂಜಣ್ಣ ನನ್ನ ಕಣ್ಣ ಮುಂದೆ ಬ್ಯೂರೆಟ್ ಹಿಡಿದು ನಿಂತಿದ್ದನಲ್ಲ, ಬೆಂಗಳೂರಿಗೆ ಯಾವಾಗ ಹೋದ?" ಎಂದು ಹಾಜರಿ ಪುಸ್ತಕ ತಂದು ತೋರಿಸಿದರು. ಅದರಲ್ಲಿ ಆ ದಿನ ಗೈರುಹಾಜರಾಗಿದ್ದವನು ಸಿಂಹಾದ್ರಿ. ತುರ್ತು ಪರಿಸ್ಥಿತಿ ಬಂದು ಆರು ತಿಂಗಳಾಗಿತ್ತು. ಕಚೇರಿಗಳಲ್ಲಿ ಜನ ಗೋಡೆಗೂ ಹೆದರುತ್ತಿದ್ದ ಕಾಲ. ಹೊರದೇಶದವನೊಬ್ಬ ಬೇರೆಯವರ ಹೆಸರಿನಲ್ಲಿ ಓಡಾಡಿದ್ದಾನೆ ಅಂದಕೂಡಲೇ ಪ್ರಿನ್ಸಿಪಾಲರು ಕೋಣೆಯ ಬಾಗಿಲು ಹಾಕಿಸಿದರು. ನಮ್ಮಿಬ್ಬರನ್ನೂ ಕರೆಸಿದರು. ಪಕ್ಕದಲ್ಲಿ ಹನುಮಂತಪ್ಪನವರು ನಿಂತಿದ್ದರು.

"ಜುಂಜಣ್ಣ, ಒಂದೇ ಮಾತು ಕೇಳ್ತೀನಿ. ಕಾರ್ಡು ನೀನು ಕೊಟ್ಟೆಯೋ, ಅವನು ತಗೊಂಡನೋ?"

ಕೊಟ್ಟೆ ಅಂದರೆ ಸ್ಕಾಲರ್‌ಶಿಪ್ ಹೋಗುತ್ತದೆ, ಹಾಸ್ಟೆಲ್ ಹೋಗುತ್ತದೆ, ನಾನು ಮತ್ತೆ ಕುರಿಯ ಹಿಂದೆ. ಇಷ್ಟನ್ನೆಲ್ಲ ಯೋಚಿಸಿ ಉತ್ತರ ಕೊಟ್ಟೆ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಯೋಚನೆ ಬಂದದ್ದು ಆಮೇಲೆ. ಬಾಯಿ ಮೊದಲೇ ಆಡಿತ್ತು.

"ಪೆಟ್ಟಿಗೇಲಿತ್ತು ಸಾರ್. ಯಾವಾಗ ಹೋಯ್ತೋ ಗೊತ್ತಿಲ್ಲ."

"ಮತ್ತೆ ಹಾರ ಯಾಕೆ ಹಾಕಿಸಿಕೊಂಡೆ?"

"ಹೆಸರು ಕೂಗಿದ್ರಿ ಸಾರ್. ಹೆದರಿಕೆ ಆಯ್ತು."

ಅದನ್ನು ನಂಬಲು ಅವರಿಗೂ ಮನಸ್ಸಿತ್ತು. ಸಿಂಹಾದ್ರಿಯ ಕಡೆ ತಿರುಗಿದರು. ಅವನು ನನ್ನ ಮುಖ ನೋಡಲಿಲ್ಲ.

"ನಾನೇ ತಗೊಂಡಿದ್ದು ಸಾರ್. ಅವನಿಗೆ ಗೊತ್ತಿಲ್ಲ."

ಹನುಮಂತಪ್ಪನವರು ತಲೆ ತಗ್ಗಿಸಿದರು. ಕಾರ್ಡು ಕೊಟ್ಟ ದಿನವೇ ನಾನು ಹೇಳಿದ್ದರಿಂದ ಅವರಿಗೆ ನಿಜ ಗೊತ್ತಿತ್ತು.

ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವನ ಹೆಸರು ಕಾಲೇಜಿನ ರಿಜಿಸ್ಟರಿನಿಂದ ಹೋಯಿತು. ನಿಮ್ಮ ಮಗ ಸಹಪಾಠಿಯ ಪೆಟ್ಟಿಗೆಯಿಂದ ಕಾಗದಪತ್ರ ಕದ್ದಿದ್ದಾನೆ ಎಂದು ಅವನ ತಂದೆಗೆ ಪತ್ರ ಹೋಯಿತು. ಕೆಲವೇ ದಿನಗಳಲ್ಲಿ ದೇಶ ಬಿಡಬೇಕೆಂಬ ಆದೇಶವೂ ಬಂತು. ಅವನನ್ನು ಬೇರೆ ಕೋಣೆಗೆ ಕಳಿಸಿದ್ದರು, ನಾನು ಮಾತಾಡಿಸಲು ಹೋಗಲಿಲ್ಲ. ಊಟದ ಮನೆಯಲ್ಲಿ ಅವನಿದ್ದಾನೆ ಅಂದರೆ ತಟ್ಟೆ ಹಿಡಿದು ಹೊರಗೆ ನಿಲ್ಲುತ್ತಿದ್ದೆ.

ಅವನು ಹೊರಡುವ ದಿನ ಕಾಲೇಜಿನವರ ಕಣ್ಣೆದುರು ಬೀಳ್ಕೊಡಲು ಧೈರ್ಯವಾಗಲಿಲ್ಲ. ಬೆಳಿಗ್ಗೆಯೇ ಬೇರೆ ಬಸ್ಸು ಹಿಡಿದು ಹಿರಿಯೂರಿಗೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ಬೆಂಗಳೂರಿನ ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಅವನು ಕಿಟಕಿ ಪಕ್ಕ ಕೂತಿದ್ದ. ನನ್ನನ್ನು ಕಂಡು ಇಳಿದು ಬಂದ.

"ಯಾಕ್ ಬಂದೆ? ಕ್ಲಾಸಿಲ್ವಾ?"

"ಐತೆ."

ಇಬ್ಬರೂ ಟೀ ಅಂಗಡಿಯ ನೆರಳಿಗೆ ಸರಿದೆವು. ನಾನು, "ಈಗ್ಲೇ ವಾಪಸ್ ಹೋಗಿ ಪ್ರಿನ್ಸಿಪಾಲರಿಗೆ ಎಲ್ಲಾ ಹೇಳಿಬಿಡ್ತೀನಿ ಕಣೋ," ಅಂದೆ.

"ಹೇಳಿ ಏನ್ಮಾಡ್ತೀಯ? ಪೊಲೀಸ್ರಿಗೆ ಹೇಳ್ದೆ ಮೂರು ಸಲ ಹೋಗಿದ್ದು ನಂದೇ ತಪ್ಪು. ನಾನು ಹೋಗ್ಲೇಬೇಕು. ನೀನೂ ಯಾಕೆ ಓದು ಬಿಡ್ಬೇಕು?" ಟೀ ಲೋಟ ಕೈಯಲ್ಲಿ ತಿರುಗಿಸುತ್ತ ನಿಂತ. ಕುಡಿಯಲಿಲ್ಲ. "ನಿಮ್ಮಪ್ಪಂಗೆ ಹೇಳ್ಬೇಡ. ಪಾಪ, ಅಷ್ಟು ದೂರ ಬಂದಿದ್ರು."

ಕಂಡಕ್ಟರ್ ಸೀಟಿ ಊದಿದ. ಅವನು ಎರಡು ಹೆಜ್ಜೆ ಹೋಗಿ ತಿರುಗಿ ಬಂದ.

"ಒಂದೇ ಒಂದು ಕೋಪ ಐತೆ ಜುಂಜಣ್ಣ. ಅಷ್ಟು ಬೇಗ ಹೇಳಿಬಿಟ್ಟೆಯಲ್ಲ. ಸ್ವಲ್ಪನಾದ್ರೂ ತಡ ಮಾಡಿ ಹೇಳಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ."

ಅಷ್ಟು ಹೇಳಿ ಹೋಗಿ ಬಸ್ಸು ಹತ್ತಿದ. ಅವನನ್ನು ನಾನು ನೋಡಿದ್ದು ಅದೇ ಕೊನೆ.

ಎರಡು ವರ್ಷ ಕಳೆದು ನಾನು ಮಾರಿಕಣಿವೆಯ ಕಚೇರಿಯಲ್ಲಿ ಗುಮಾಸ್ತನಾದೆ. ಅಲ್ಲಿಗೆ ಹನುಮಂತಪ್ಪನವರು ಒಂದು ದಿನ ತಾವೇ ಬಂದು, ಕಾಲೇಜಿನ ವಿಳಾಸಕ್ಕೆ ಬಂದಿದ್ದ ವಿಮಾನದ ಅಂಚೆಯ ಕಾಗದ ಕೊಟ್ಟರು. ಸಿಂಹಾದ್ರಿಯದು. ಅವನ ರಾಜ್ಯದ ತಂಡದವರು, ನಡುವೆ ಎಲ್ಲಿ ಆಡಿದ್ದೆ ಎಂದು ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿ ಆಡಿದ್ದೇನೆ ಅಂದರೆ ಪತ್ರಿಕೆಯಲ್ಲಿ ಬೇರೆ ಹೆಸರಿದೆ. ಆಡಿದವನು ಸಿಂಹಾದ್ರಿ ಎಂದು ನಿನಗೆ ನಾಲ್ಕು ಸಾಲು ಬರೆದುಕೊಡಲು ಆಗುತ್ತದೆಯೇ, ಆಗದಿದ್ದರೆ ಬೇಡ. ಇಷ್ಟೇ ಇತ್ತು.

"ಈಗ್ಲಾದ್ರೂ ನೆಟ್ಟಗೆ ಬರಿಯಪ್ಪ," ಅಂದರು ಹನುಮಂತಪ್ಪನವರು. "ಅವತ್ತು ನಾನೂ ಬಾಯಿ ಬಿಡ್ಲಿಲ್ಲ. ನಂದೂ ಸಹಿ ಹಾಕ್ತೀನಿ."

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸುಳ್ಳು ಹೇಳಿದ್ದೆನೆಂದು ಸ್ವಂತ ಕೈಯಲ್ಲಿ ಬರೆದುಕೊಡುವುದು ಹೇಗೆ ಎಂದು ಕಾಗದವನ್ನು ಡ್ರಾಯರಿನಲ್ಲಿಟ್ಟೆ. ಏಳು ತಿಂಗಳು ಇಟ್ಟೆ. ಕಾಯಂ ಆದ ಆದೇಶ ಕೈಗೆ ಬಂದ ವಾರ ಇಂಗ್ಲಿಷಿನಲ್ಲಿ ಬರೆದೆ. ಆಡಿದವನು ಸಿಂಹಾದ್ರಿ, ನಾನಲ್ಲ. ಕಾರ್ಡನ್ನು ಅವನು ಕದಿಯಲಿಲ್ಲ, ಕೇಳಲೂ ಇಲ್ಲ, ನಾನೇ ಕೊಟ್ಟೆ. ಕೇಳಿದಾಗ ಸುಳ್ಳು ಹೇಳಿದೆ. ಮೇಷ್ಟ್ರು ಕೆಳಗೆ ಸಹಿ ಹಾಕಿದರು.

ಉತ್ತರ ಬರೆದದ್ದು ಅವನ ತಂಗಿ, ಇಂಗ್ಲಿಷಿನಲ್ಲಿ, ಶಾಲೆಯ ಹುಡುಗಿಯ ಅಕ್ಷರದಲ್ಲಿ. ಅಣ್ಣ ನಿಮ್ಮ ಕಾಗದಕ್ಕೆ ಕೆಲವು ತಿಂಗಳು ಕಾದು, ಆಮೇಲೆ ಸಿಂಗಾಪುರದ ಬಂದರಿಗೆ ಕೆಲಸಕ್ಕೆ ಹೋದ. ಆಟ ಬಿಟ್ಟಿದ್ದಾನೆ, ಭಾನುವಾರವೂ ಆಡುವುದಿಲ್ಲ. ನಿಮ್ಮ ಕಾಗದವನ್ನು ಅಪ್ಪ ಎರಡು ಸಲ ಓದಿದರು. ಅಣ್ಣನ ಫುಟ್‌ಬಾಲ್ ಫೋಟೋವನ್ನು ಅವರೇ ತೆಗೆದು ಬೀರುವಿನಲ್ಲಿ ಇಟ್ಟಿದ್ದರು, ಅದನ್ನು ತಂದು ಮತ್ತೆ ಗೋಡೆಗೆ ಹಾಕಿದರು. ನಿಮ್ಮ ಕಾಗದವನ್ನು ಅಣ್ಣನಿಗೆ ಕಳಿಸಿದ್ದೇನೆ.

ಅವನಿಗೆ ಅದು ಮುಟ್ಟಿತೆಂದು ತಂಗಿ ಇನ್ನೊಮ್ಮೆ ಬರೆದು ತಿಳಿಸಿದಳು. ನಾನು ಬಹಳ ದಿನ ಟಪಾಲು ಬರುವ ಹೊತ್ತಿಗೆ ಕಚೇರಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಸಿಂಹಾದ್ರಿ ಬರೆಯಲಿಲ್ಲ. ಅವನು ಬರೆಯಬೇಕಾದ್ದು ಏನೂ ಉಳಿದಿರಲಿಲ್ಲ.