ಕಾಕಾ ತೊರೆದು ಬಂದದ್ದು

ಯಾರ ದನಿಯನ್ನಾದರೂ ಎರಡೇ ದಿನದಲ್ಲಿ ಕದಿಯಬಲ್ಲೆ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರು, ಓಣಿಯ ಹಾಲಿನವರು, ಫೋನಿನಲ್ಲಿ ದೊಡ್ಡ ಮನುಷ್ಯನಂತೆ ಗಂಟಲು ದಪ್ಪ ಮಾಡುವ ಸ್ವತಃ ನಾನು, ಎಲ್ಲರೂ ನನ್ನ ಬಾಯಲ್ಲಿದ್ದಾರೆ. ಅವರಲ್ಲಿ ಅತಿ ಪ್ರೀತಿಯವಳು ಕಾಕು, ನನ್ನ ಚಿಕ್ಕಮ್ಮ. ಧಾರವಾಡದ ಕೆಲಗೇರಿಯ ಮನೆಯಲ್ಲಿ ನನ್ನನ್ನು ಬೆಳೆಸಿದ ಆಕೆ ಹೋದ ವರ್ಷ ತೀರಿಕೊಂಡಳು. ಉಳಿದವರು ಆಕೆಯ ಗಂಡ ಕಾಕಾ ಮತ್ತು ನಾನು. ದಿನಾ ಸಂಜೆ ಅಡಿಗೆಮನೆಯಿಂದ ಆಕೆಯ ದನಿ ತೆಗೆಯುತ್ತಿದ್ದೆ: "ಏನ್ರೀ, ಪೇಪರ್ ಏನ್ ಉಪ್ಪಿನಕಾಯಿ ಹಾಕ್ತೀರೇನು? ಚಹಾ ಆರಾಕತ್ತೈತಿ, ಬರ್ರಿ!" ಕಾಕಾ ನಗುತ್ತ ಬರುತ್ತಿದ್ದರು.

ವರ್ಷದ ಕಾರ್ಯ ಮುಗಿಸಿ ಇಬ್ಬರೂ ಕಾಶಿಗೆ ಹೊರಟೆವು. ಅಲ್ಲಿಗೆ ಹೋದವರು ತಮಗೆ ಅತಿ ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕೆಂಬ ರೂಢಿ. ನಮ್ಮ ಮಂದಿ ಜಾಣರು. ಸೇರದ ಕಾಯಿಪಲ್ಲೆಯನ್ನೇ ಹುಡುಕಿ ಬಿಡುತ್ತಾರೆ. ರೈಲಿನಲ್ಲಿ ನಾನೂ, "ಹಾಗಲಕಾಯಿ ಬಿಡ್ತೇನಿ, ಕಾಕಾ," ಎಂದೆ.

"ಅದು ನಿನ್ನ ಯಾವಾಗೋ ಬಿಟ್ಟೈತಿ ಬಿಡಪಾ," ಎಂದರು ಕಾಕಾ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಪಾಠಕ್ಕೇ ಇಳಿದರು. "ಖರೇ ಶಬ್ದ ತೊರೆ. ಹಳಗನ್ನಡದಾಗ ಅದಕ್ಕ ಬ್ಯಾರೇನ ರಕಾರ ಇತ್ತು. ತಮಿಳಿನಾಗ ಇದರ ತಂಗಿ ಅದಾಳ, ತುಱ ಅಂತ. ಸನ್ಯಾಸಕ್ಕ ಅವರು ತುಱವು ಅಂತಾರ. ಸಂಸ್ಕೃತದಿಂದ ತಂದದ್ದಲ್ಲ, ನಮ್ಮ ಮನಿಯದೇ. ಕೈಯಾಗಿಂದ ಜಾರಿದ್ರೂ ಬಿಟ್ಟೆ ಅನಬಹುದು. ತೊರದೆ ಅನ್ನಾಕ ಅದು ಬೇಕಾಗಿರಬೇಕು."

"ಬೇಕಾಗಿರಬೇಕು," ಎಂದು ಅವರ ದನಿಯಲ್ಲೇ ಅಣಕಿಸಿದೆ. ಎದುರು ಸೀಟಿನಲ್ಲಿದ್ದ ಅಮ್ಮಿನಬಾವಿಯ ಅಜ್ಜಿಯೊಬ್ಬಳು ನಕ್ಕಳು. ಕಾಕಾ ಕಿಟಕಿಯತ್ತ ತಿರುಗಿದರು.

ಗಂಗೆಯಲ್ಲಿ ಮುಳುಗಿ ಎದ್ದಾಗ ಅವರ ತುಟಿ ಅಲ್ಲಾಡಿತು. ಏನು ಬಿಟ್ಟರೆಂದು ಕೇಳಲಿಲ್ಲ. ಬದನೆಕಾಯಿ ಇರಬೇಕು ಅಂದುಕೊಂಡೆ.

ಧಾರವಾಡಕ್ಕೆ ಮರಳಿದ ಸಂಜೆ ಚಹಾ ಸೋಸಿ, ಕಾಕುವಿನ ದನಿಯಲ್ಲಿ ಕೂಗಿದೆ: "ಏನ್ರೀ, ಕಾಶಿ ಮುಗೀತೋ ಇಲ್ಲೋ?" ಕಾಕಾ ಬರಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಪಡಸಾಲೆಗೆ ಬಂದು ನೋಡಿದರೆ ಕಾಕಾ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದರು.

"ಆಕಿ ದನೀನ ತೊರದು ಬಂದೇನಿ, ತಮ್ಮಾ. ಇನ್ನ ಅನಬ್ಯಾಡ."

"ನನಗೊಂದು ಮಾತ ಕೇಳಬೇಕಿತ್ತಲ್ರಿ. ಆಕಿ ನನಗೂ ಬೇಕಾದಾಕಿನ ಆಗಿದ್ಳು."

"ಕೇಳಿದ್ರ ನೀ ಆಕಿ ದನಿಯಾಗ ಬ್ಯಾಡ ಅಂತಿದ್ದಿ. ಆಮ್ಯಾಲ ತೊರಿಯೂದು ನನ್ನಿಂದ ಆಗ್ತಿದ್ದಿಲ್ಲ."

ನಿಜವೇ. ಹಾಗೆಯೇ ಅನ್ನುತ್ತಿದ್ದೆ.

ಒಳಗೆ ಹೋಗಿ ಆರಿದ ಚಹಾ ಮತ್ತೆ ಕಾಸಿದೆ. ಬಾಯಿ ತುಂಬ ಮಂದಿಯ ದನಿಗಳಿದ್ದವು, ಯಾವುದೂ ಹೊಂದಲಿಲ್ಲ. ಕಡೆಗೆ, "ಕಾಕಾ, ಚಹಾ," ಎಂದೆ. ಅದು ಯಾರ ದನಿಯೆಂದು ನನಗೇ ತಕ್ಷಣ ಗುರುತು ಹತ್ತಲಿಲ್ಲ. ಕಾಕಾ ಬಂದರು, ಚಹಾ ಕುಡಿದು, ಕಪ್ಪು ತಾವೇ ತೊಳೆದಿಟ್ಟರು.